ಒಂದೇ ದಿನ ಆರಿದ ಎರಡು ಬೆಂಕಿ

2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನಲ್ಲಿ ಎರಡು ದೊಡ್ಡ ಬೆಂಕಿಗಳು ಆರಿದವು. ಒಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ರ್ಯಾಟ್‌ಕ್ಲಿಫ್ ವಿದ್ಯುತ್ ಕೇಂದ್ರದ್ದು. ಆ ದೇಶದಲ್ಲಿ ಉಳಿದಿದ್ದ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ ಅದು. 1882ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದ ಕಲ್ಲಿದ್ದಲು ವಿದ್ಯುತ್ತಿನ ಕಥೆ 142 ವರ್ಷಗಳ ನಂತರ ಅಲ್ಲಿಗೆ ಮುಗಿಯಿತು. ಇನ್ನೊಂದು, ವೇಲ್ಸ್ ಪ್ರಾಂತದ ಕಡಲತೀರದಲ್ಲಿರುವ ಪೋರ್ಟ್ ಟಾಲ್ಬಟ್ ಎಂಬ ಊರಿನ ಉಕ್ಕಿನ ಕಾರ್ಖಾನೆಯ ನಾಲ್ಕನೆಯ ನಂಬರಿನ ಊದುಕುಲುಮೆಯದು. ಪಠ್ಯಪುಸ್ತಕ ಊದುಕುಲುಮೆ ಎನ್ನುವುದನ್ನೇ ಕಾರ್ಖಾನೆಯವರು ಬ್ಲಾಸ್ಟ್ ಫರ್ನೇಸ್ ಎನ್ನುತ್ತಾರೆ. ಐದನೆಯ ನಂಬರಿನ ಕುಲುಮೆ ಆ ವರ್ಷದ ಜುಲೈನಲ್ಲೇ ನಿಂತಿತ್ತು. ಇದೂ ನಿಂತ ಮೇಲೆ, ಒಂದು ಶತಮಾನಕ್ಕೂ ಹೆಚ್ಚು ಕಾಲ ಉಕ್ಕನ್ನೇ ನಂಬಿ ಬದುಕಿದ್ದ ಊರಿನಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ಕೆಲಸ ಕೊನೆಗೊಂಡಿತು.

ಮೊದಲನೆಯ ಸುದ್ದಿಯನ್ನು ಪತ್ರಿಕೆಗಳು ಹಬ್ಬದಂತೆ ಬರೆದವು. ಎರಡನೆಯದನ್ನು ಸಾವಿನ ಸುದ್ದಿಯಂತೆ ಬರೆದವು. ರ್ಯಾಟ್‌ಕ್ಲಿಫ್ ನಿಂತರೂ ಬ್ರಿಟನ್ನಿನಲ್ಲಿ ಒಂದು ದೀಪವೂ ಮಂಕಾಗಲಿಲ್ಲ. ಪೋರ್ಟ್ ಟಾಲ್ಬಟ್‌ನಲ್ಲಿ ಸುಮಾರು ಎರಡು ಸಾವಿರ ಜನರ ಕೆಲಸ ಹೋಯಿತು. ಎರಡೂ ಕಡೆ ಉರಿಯುತ್ತಿದ್ದದ್ದು ಕಲ್ಲಿದ್ದಲು, ಎರಡೂ ಕಡೆ ಹೊರಬರುತ್ತಿದ್ದದ್ದು ಇಂಗಾಲದ ಡೈಆಕ್ಸೈಡ್. ಎರಡನ್ನೂ ಕಡಿಮೆ ಮಾಡಬೇಕೆಂದು ಹೊರಟ ನೀತಿಯೂ ಒಂದೇ. ಹಾಗಿದ್ದ ಮೇಲೆ ಒಂದು ಕಡೆ ಹಬ್ಬ, ಇನ್ನೊಂದು ಕಡೆ ಸೂತಕ ಏಕೆ? ಉತ್ತರದ ಅರ್ಧ ಭಾಗ ಹೈಸ್ಕೂಲಿನ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ.

ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲಿನ ಕೆಲಸ ಒಂದೇ, ಶಾಖ ಕೊಡುವುದು. ಶಾಖದಿಂದ ನೀರು ಆವಿಯಾಗುತ್ತದೆ, ಆವಿ ಟರ್ಬೈನನ್ನು ತಿರುಗಿಸುತ್ತದೆ. ಟರ್ಬೈನ್ ತಿರುಗಿದರಾಯಿತು, ಯಾವುದರಿಂದ ತಿರುಗಿತು ಎಂದು ನಮ್ಮ ಮನೆಯ ಬಲ್ಬು ಕೇಳುವುದಿಲ್ಲ. ಹರಿಯುವ ನೀರಾಗಲಿ, ಗಾಳಿಯಾಗಲಿ, ಅಣುಶಕ್ತಿಯಾಗಲಿ ಕಲ್ಲಿದ್ದಲಿನ ಜಾಗದಲ್ಲಿ ಬಂದು ಕೂರಬಹುದು.

ಊದುಕುಲುಮೆಯ ವಿಷಯ ಬೇರೆ. ಕಬ್ಬಿಣದ ಅದಿರು ಎಂದರೆ ಒಂದು ರೀತಿಯಲ್ಲಿ ಭೂಮಿಯೊಳಗೆ ಕೋಟ್ಯಂತರ ವರ್ಷಗಳಿಂದ ಬಿದ್ದಿರುವ ತುಕ್ಕು. ಕಬ್ಬಿಣವನ್ನು ಆಮ್ಲಜನಕ ಬಿಗಿಯಾಗಿ ಹಿಡಿದುಕೊಂಡಿದೆ. ಎಷ್ಟು ಕಾಯಿಸಿದರೂ, ಬರಿಯ ಕಾಯಿಸುವುದರಿಂದ ಕುಲುಮೆಯಲ್ಲಿ ಅದು ಬಿಟ್ಟುಕೊಡುವುದಿಲ್ಲ. ಆಮ್ಲಜನಕವನ್ನು ಕಿತ್ತುಕೊಳ್ಳಲು ಇನ್ನೊಬ್ಬರು ಬೇಕು. ಪಠ್ಯಪುಸ್ತಕ ಅದನ್ನು ಅಪಕರ್ಷಕ ಎನ್ನುತ್ತದೆ. ಕಲ್ಲಿದ್ದಲನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಕೋಕ್ ಕುಲುಮೆಯಲ್ಲಿ ಉರಿದು ಇಂಗಾಲದ ಮೋನಾಕ್ಸೈಡ್ ಆಗುತ್ತದೆ. ಆ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಉಳಿಯುವುದು ಕಬ್ಬಿಣ. ಇಷ್ಟು ಸಾಲದೆಂಬಂತೆ ಕೋಕ್ ಇನ್ನೂ ಒಂದು ಕೆಲಸ ಮಾಡುತ್ತದೆ. ಗಟ್ಟಿಯಾದ ಅದರ ಹೆಂಟೆಗಳು ಮೇಲಿನ ಅದಿರಿನ ಭಾರವನ್ನು ಹೊತ್ತುಕೊಂಡು, ಅನಿಲ ಮೇಲೇರಲು ಸಂದು ಬಿಡುತ್ತವೆ. ಅಂದರೆ ಕಲ್ಲಿದ್ದಲು ಇಲ್ಲಿ ಉರುವಲು ಮಾತ್ರವಲ್ಲ, ಕೆಲಸಗಾರನೂ ಹೌದು, ಕಂಬವೂ ಹೌದು.

ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಂಡು ಒಂದು ಸಣ್ಣ ಲೆಕ್ಕ ಮಾಡಬಹುದು. ಫೆರಿಕ್ ಆಕ್ಸೈಡಿನ ಒಂದು ಅಣುವಿನಲ್ಲಿ ಕಬ್ಬಿಣದ ಎರಡು, ಆಮ್ಲಜನಕದ ಮೂರು ಪರಮಾಣುಗಳಿವೆ. ಆ ಮೂರನ್ನು ಕೀಳಲು ಮೋನಾಕ್ಸೈಡಿನ ಮೂರು ಅಣುಗಳು ಬೇಕು; ಹೊರಬರುವುದು ಡೈಆಕ್ಸೈಡಿನ ಮೂರು ಅಣುಗಳು. ಕಬ್ಬಿಣದ ಪರಮಾಣು ತೂಕ 56, ಎರಡಕ್ಕೆ 112. ಡೈಆಕ್ಸೈಡಿನ ಅಣುತೂಕ 44, ಮೂರಕ್ಕೆ 132. ಅಂದರೆ 112 ಟನ್ ಕಬ್ಬಿಣ ಬರುವಾಗ 132 ಟನ್ ಅನಿಲ. ಒಂದು ಟನ್ ಕಬ್ಬಿಣಕ್ಕೆ ಸುಮಾರು 1.18 ಟನ್! ಕೋಕ್ ಮಾಡಲು, ಅದಿರನ್ನು ಹದಗೊಳಿಸಲು, ಕುಲುಮೆಗೆ ಊದುವ ಗಾಳಿಯನ್ನು ಕಾಯಿಸಲು ಬೇಕಾದ ಶಕ್ತಿಯೆಲ್ಲ ಸೇರಿದರೆ, ಈ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ.

ಯುರೋಪಿನ ಉಕ್ಕಿನವರು ಇಂಧನ ಪೋಲು ಮಾಡುವವರೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದು ಟನ್ ಕೋಕ್ ಸುಡುತ್ತಿದ್ದರು. ಈಗ ಒಳ್ಳೆಯ ಕುಲುಮೆಗಳಿಗೆ ಕೋಕ್ ಮತ್ತು ಕಲ್ಲಿದ್ದಲಿನ ಪುಡಿ ಎರಡೂ ಸೇರಿ ಅರ್ಧ ಟನ್ ಆಸುಪಾಸು ಸಾಕು. ಇದು ಪರಿಸರ ಪ್ರೇಮದಿಂದ ಆದದ್ದಲ್ಲ, ಕೋಕ್ ದುಬಾರಿಯೆಂದು ಆದದ್ದು. ಆದರೆ ಉಳಿತಾಯಕ್ಕೂ ಒಂದು ಮಿತಿಯಿದೆ. ರಾಸಾಯನಿಕ ಸಮೀಕರಣದ ಜೊತೆ ಚೌಕಾಸಿ ಮಾಡಲು ಬರುವುದಿಲ್ಲ.

ಇದೇ ಮಾತು ಸಿಮೆಂಟಿಗೂ ಸಲ್ಲುತ್ತದೆ. ಸುಣ್ಣಕಲ್ಲನ್ನು ಸುಟ್ಟರೆ ನೂರು ಟನ್ನಿಗೆ 44 ಟನ್ ಡೈಆಕ್ಸೈಡ್ ಕಲ್ಲಿನೊಳಗಿಂದಲೇ ಹೊರಡುತ್ತದೆ, ಗೂಡಿಗೆ ಯಾವ ಉರುವಲು ಹಾಕಿದರೂ ಸರಿಯೆ. ನಾರ್ವೆಯ ಬ್ರೆವಿಕ್ ಎಂಬಲ್ಲಿ ಈ ಅನಿಲವನ್ನು ಹಿಡಿದು, ಹಡಗಿನಲ್ಲಿ ಸಾಗಿಸಿ, ಉತ್ತರ ಸಮುದ್ರದ ತಳದ ಬಂಡೆಗಳೊಳಗೆ ತುಂಬುವ ಘಟಕ 2025ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ನಾಲ್ಕು ಲಕ್ಷ ಟನ್ ಹಿಡಿಯುವ ಅದರ ಸಾಮರ್ಥ್ಯ ಆ ಒಂದು ಕಾರ್ಖಾನೆಯ ಹೊಗೆಯ ಸುಮಾರು ಅರ್ಧಕ್ಕೆ ಸಮ.

ಇನ್ನು ಉತ್ತರದ ಉಳಿದರ್ಧ. ಅದು ನೀತಿಯದು.

ಯುರೋಪಿನ ಒಕ್ಕೂಟ 2005ರ ಜನವರಿ 1ರಂದು ಹೊಗೆಗೆ ಬೆಲೆ ಕಟ್ಟುವ ಒಂದು ಸಂತೆಯನ್ನು ತೆರೆಯಿತು. ಏರ್ಪಾಡು ಸರಳ. ಎಲ್ಲ ದೊಡ್ಡ ಕಾರ್ಖಾನೆಗಳೂ ವಿದ್ಯುತ್ ಕೇಂದ್ರಗಳೂ ಸೇರಿ ವರ್ಷಕ್ಕೆ ಇಷ್ಟೇ ಟನ್ ಹೊರಬಿಡಬಹುದೆಂದು ಒಂದು ಮಿತಿ. ಟನ್ನಿಗೊಂದರಂತೆ ಪರವಾನಗಿ ಚೀಟಿ. ಕಡಿಮೆ ಹೊರಬಿಟ್ಟವರು ಮಿಕ್ಕ ಚೀಟಿ ಮಾರಬಹುದು, ಹೆಚ್ಚು ಬಿಟ್ಟವರು ಕೊಳ್ಳಬೇಕು. ಚೀಟಿಯಿಲ್ಲದೆ ಬಿಟ್ಟರೆ ದಂಡ. ಮಿತಿಯನ್ನು ವರ್ಷವರ್ಷಕ್ಕೂ ಇಳಿಸುತ್ತ ಹೋದರೆ ಚೀಟಿಯ ಬೆಲೆ ಏರುತ್ತದೆ, ಆಗ ಹೊಗೆ ಬಿಡುವುದಕ್ಕಿಂತ ಯಂತ್ರ ಬದಲಾಯಿಸುವುದೇ ಅಗ್ಗವಾಗುತ್ತದೆ ಎಂಬುದು ಲೆಕ್ಕಾಚಾರ.

ಕಾಗದದ ಮೇಲೆ ಚೆನ್ನಾಗಿದ್ದ ಈ ಸಂತೆ ಮೊದಲ ಹದಿಮೂರು ಹದಿನಾಲ್ಕು ವರ್ಷ ಕುಂಟಿತು. ಆರಂಭದಲ್ಲಿ ಚೀಟಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹಂಚಿದರು. 2006ರಲ್ಲಿ ಅದು ಬಯಲಾದಾಗ ಬೆಲೆ ಕುಸಿಯಿತು, 2007ರ ವೇಳೆಗೆ ಹೆಚ್ಚುಕಡಿಮೆ ಸೊನ್ನೆ ಮುಟ್ಟಿತು. 2008ರ ಆರ್ಥಿಕ ಮುಗ್ಗಟ್ಟಿನಿಂದ ಕಾರ್ಖಾನೆಗಳ ಉತ್ಪಾದನೆ ಇಳಿದು ಚೀಟಿಗಳು ಮತ್ತೆ ರಾಶಿ ಬಿದ್ದವು. 2013ರಲ್ಲಿ ಒಂದು ಟನ್ನಿನ ಬೆಲೆ ಐದು ಯೂರೋಗಿಂತಲೂ ಕೆಳಗಿತ್ತು. ಅಷ್ಟು ಕಡಿಮೆ ಬೆಲೆಗೆ ಯಾರಾದರೂ ಕುಲುಮೆ ಬದಲಾಯಿಸುತ್ತಾರೆಯೇ?

ಇಲ್ಲಿ ವಿದ್ಯುತ್ತಿನ ದಾರಿಯೂ ಉಕ್ಕಿನ ದಾರಿಯೂ ಬೇರೆಯಾದವು. 2013ರಿಂದ ಹೆಚ್ಚಿನ ವಿದ್ಯುತ್ ಕೇಂದ್ರಗಳು ಚೀಟಿಯನ್ನು ಹರಾಜಿನಲ್ಲಿ ಹಣ ಕೊಟ್ಟೇ ಕೊಳ್ಳಬೇಕಾಯಿತು. ಬ್ರಿಟನ್ ಅದೇ ವರ್ಷ ತನ್ನ ವಿದ್ಯುತ್ ಕೇಂದ್ರಗಳ ಮೇಲೆ ಇನ್ನೊಂದು ಇಂಗಾಲದ ಸುಂಕವನ್ನೂ ಹೇರಿತು. 2015ರಿಂದ ಅದು ಟನ್ನಿಗೆ 18 ಪೌಂಡ್. ಕಲ್ಲಿದ್ದಲು ಆ ಭಾರ ತಾಳಲಿಲ್ಲ. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 40 ಕಲ್ಲಿದ್ದಲಿನದು, ಹನ್ನೆರಡು ವರ್ಷದಲ್ಲಿ ಅದು ಸೊನ್ನೆ. ಜಾಗ ತುಂಬಲು ಅನಿಲವಿತ್ತು, ಕಡಲ ಮೇಲಿನ ಗಾಳಿಯಿತ್ತು.

ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದ ಕಾರ್ಖಾನೆಗಳಿಗೆ ಮಾತ್ರ ಚೀಟಿಗಳು ಬಹುಪಾಲು ಪುಕ್ಕಟೆಯಾಗಿಯೇ ಸಿಕ್ಕವು. ತಮ್ಮ ಉದ್ಯಮದ ಅತ್ಯುತ್ತಮ ಹತ್ತನೆಯ ಒಂದು ಭಾಗದ ಸರಾಸರಿ ಎಷ್ಟೋ ಅಷ್ಟು ಚೀಟಿ ಉಚಿತ. ಅವರು ಕೊಟ್ಟ ಕಾರಣ ಸುಳ್ಳಲ್ಲ. ವಿದ್ಯುತ್ತನ್ನು ಚೀನಾದಿಂದ ತರಿಸಲಾಗದು, ಉಕ್ಕನ್ನು ತರಿಸಬಹುದು. ಇಲ್ಲಿ ಬೆಲೆ ಏರಿಸಿದರೆ ಕುಲುಮೆ ಇಲ್ಲಿ ಆರಿ ಇನ್ನೆಲ್ಲೋ ಹೊತ್ತಿಕೊಳ್ಳುತ್ತದೆ, ಭೂಮಿಯ ಮೇಲಿನ ಗಾಳಿಗೆ ಏನು ಲಾಭ? ಇದಕ್ಕೆ ಇಂಗಾಲದ ಸೋರಿಕೆ ಎಂದು ಹೆಸರಿಟ್ಟರು. ಸರಿಯೆ. ಆದರೆ ಉಚಿತ ಚೀಟಿಯ ಜೊತೆಗೆ, ಹೊಸ ಕುಲುಮೆಯ ಕೆಲಸ ಇಂತಿಷ್ಟು ವರ್ಷದಲ್ಲಿ ಶುರುವಾಗಬೇಕು ಎಂಬ ಬಿಗಿಯಾದ ಷರತ್ತನ್ನೇಕೆ ಹಾಕಲಿಲ್ಲ? ಕೆಲವು ಕಂಪನಿಗಳು ಮಿಕ್ಕ ಚೀಟಿಗಳನ್ನು ಮಾರಿ ಲಾಭವನ್ನೂ ಮಾಡಿಕೊಂಡವು. ಪರೀಕ್ಷೆಯ ಶುಲ್ಕ ಮನ್ನಾ ಮಾಡಿದ ಶಾಲೆ ಪರೀಕ್ಷೆಯನ್ನೇ ಮನ್ನಾ ಮಾಡಿದಂತಾಯಿತು. ಹೊಸ ವಿಧಾನವನ್ನು ಕಲಿಯಲು ಸಿಕ್ಕಿದ್ದ ಹತ್ತು ಹದಿನೈದು ವರ್ಷ ಹೀಗೆ ಕಳೆದುಹೋದವು.

ಆಮೇಲೆ ಎಲ್ಲವೂ ಒಮ್ಮೆಗೇ ಬಂತು. 2019ರಿಂದ ಹೆಚ್ಚುವರಿ ಚೀಟಿಗಳನ್ನು ಸಂತೆಯಿಂದ ಎತ್ತಿಡತೊಡಗಿದರು. ಬೆಲೆ 2021ರ ಕೊನೆಗೆ 80 ಯೂರೋ ದಾಟಿತು, 2023ರ ಫೆಬ್ರವರಿಯಲ್ಲಿ ಮೊದಲ ಸಲ ನೂರನ್ನು ಮುಟ್ಟಿತು. ಈ ನಡುವೆ 2022ರಲ್ಲಿ ಉಕ್ರೇನ್ ಯುದ್ಧ. ಯುರೋಪು ದಶಕಗಳಿಂದ ನೆಚ್ಚಿಕೊಂಡಿದ್ದ ರಷ್ಯಾದ ಅಗ್ಗದ ಅನಿಲ ಬರುವುದು ಕಡಿಮೆಯಾಗುತ್ತ ಬಂದು, ಬಾಲ್ಟಿಕ್ ಸಮುದ್ರದ ಕೊಳವೆಯಲ್ಲಿ ಪೂರ್ತಿ ನಿಂತಿತು. ಹಿಂದೆ ಒಂದು ಮೆಗಾವಾಟ್ ಗಂಟೆಗೆ 20 ಯೂರೋ ಆಸುಪಾಸಿನಲ್ಲಿದ್ದ ಅನಿಲದ ದರ ಆ ಆಗಸ್ಟಿನಲ್ಲಿ 300ನ್ನೂ ಮೀರಿತು.

ಇದರ ಬಿಸಿ ಮೊದಲು ತಟ್ಟಿದ್ದು ಅಲ್ಯೂಮಿನಿಯಂಗೆ. ಅಲ್ಯೂಮಿನಿಯಂ ಆಮ್ಲಜನಕವನ್ನು ಕಬ್ಬಿಣಕ್ಕಿಂತಲೂ ಬಿಗಿಯಾಗಿ ಹಿಡಿದಿರುವುದರಿಂದ ಕೋಕ್ ಸಾಲದು, ವಿದ್ಯುತ್ತೇ ಬೇಕು. ಒಂದು ಕಿಲೋ ಲೋಹಕ್ಕೆ ಸುಮಾರು 14 ಯೂನಿಟ್ ವಿದ್ಯುತ್. 2022ರ ಆಗಸ್ಟಿನಲ್ಲಿ ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ ಯೂನಿಟ್ಟಿನ ದರ 40 ಸೆಂಟ್ ದಾಟಿತ್ತು. ಆ ದರದಲ್ಲಿ ಕೊಂಡರೆ ಒಂದು ಕಿಲೋಗೆ ವಿದ್ಯುತ್ ಖರ್ಚೇ ಐದೂವರೆ ಯೂರೋಗಿಂತ ಹೆಚ್ಚು. ಆಗ ಒಂದು ಕಿಲೋ ಅಲ್ಯೂಮಿನಿಯಂ ಮಾರಾಟವಾಗುತ್ತಿದ್ದದ್ದು ಎರಡೂವರೆ ಯೂರೋ ಆಸುಪಾಸಿಗೆ. ಈ ವ್ಯಾಪಾರವನ್ನು ಯಾರು ತಾನೆ ಮಾಡಿಯಾರು? ಸ್ಲೊವಾಕಿಯಾದ ಸ್ಲೊವಾಲ್ಕೊ ಕಾರ್ಖಾನೆಯಲ್ಲಿ ಏಳು ದಶಕಗಳ ಹಿಂದೆ ಶುರುವಾಗಿದ್ದ ಲೋಹ ತೆಗೆಯುವ ಕೆಲಸ ನಿಂತಿತು. ನೆದರ್ಲೆಂಡ್ಸ್, ಜರ್ಮನಿಗಳಲ್ಲೂ ಕೆಲವು ನಿಂತವು. ಅಲ್ಯೂಮಿನಿಯಂ ತೊಟ್ಟಿಗಳನ್ನು ಸ್ವಿಚ್ ಹಾಕಿದಂತೆ ಆರಿಸಿ ಹೊತ್ತಿಸಲಾಗದು. ಕೆಲವು ಗಂಟೆ ವಿದ್ಯುತ್ ಇಲ್ಲದಿದ್ದರೆ ಒಳಗಿನ ದ್ರವ ಹೆಪ್ಪುಗಟ್ಟಿ ತೊಟ್ಟಿಯೇ ಕೆಡುತ್ತದೆ. ಹಾಗಾಗಿ ನಿಂತದ್ದು ಅನೇಕ ಬಾರಿ ನಿಂತೇ ಹೋಗುತ್ತದೆ.

ಈ ಸಂತೆಗೆ ಸೇರಿದ ಕಾರ್ಖಾನೆ ಮತ್ತು ವಿದ್ಯುತ್ ಕೇಂದ್ರಗಳ ಹೊಗೆ 2023ರ ವೇಳೆಗೆ 2005ಕ್ಕಿಂತ ಸುಮಾರು ಶೇಕಡಾ 47 ಕಡಿಮೆಯಾಗಿತ್ತು. ಇದು ಸಣ್ಣ ಸಾಧನೆಯಲ್ಲ, ಅದರಲ್ಲಿ ಸಿಂಹಪಾಲು ವಿದ್ಯುತ್ ಕ್ಷೇತ್ರದ್ದು. ಆದರೆ ಭಾರೀ ಉದ್ಯಮದ ಪಾಲನ್ನು ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೊಗೆ ಕಡಿಮೆಯಾದದ್ದು ಕುಲುಮೆ ಬದಲಾದ್ದರಿಂದಲೋ, ಆರಿದ್ದರಿಂದಲೋ? ಉದ್ಯಮದ ಹೊಗೆ 2023ರಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ ಏಳು ಇಳಿದಾಗ, ದಕ್ಷತೆಯ ಜೊತೆಗೆ ಉತ್ಪಾದನೆಯೇ ಕುಗ್ಗಿದ್ದೂ ಅದಕ್ಕೆ ಕಾರಣವಾಗಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಎರಡೂ ಒಂದೇ ಅಂಕವಾಗಿ ಕಾಣುತ್ತವೆ.

ಹಾಗಾದರೆ ಕುಲುಮೆ ಬದಲಾಯಿಸುವ ದಾರಿಯೇ ಇಲ್ಲವೆ? ಇದೆ. ಸ್ವೀಡನ್ನಿನ ಉತ್ತರ ಭಾಗದ ಲುಲಿಯೊ ಪಟ್ಟಣದಲ್ಲಿ 2020ರ ಆಗಸ್ಟಿನಲ್ಲಿ ಒಂದು ಪ್ರಾಯೋಗಿಕ ಘಟಕ ಕೆಲಸ ಶುರುಮಾಡಿತು. ಉಕ್ಕಿನ ಕಂಪನಿ ಎಸ್‌ಎಸ್‌ಎಬಿ, ಗಣಿ ಕಂಪನಿ ಎಲ್‌ಕೆಎಬಿ, ವಿದ್ಯುತ್ ಕಂಪನಿ ವ್ಯಾಟನ್‌ಫಾಲ್ ಮೂರೂ ಸೇರಿ ಕಟ್ಟಿದ ಇದರ ಹೆಸರು ಹೈಬ್ರಿಟ್. ಇಲ್ಲಿ ಆಮ್ಲಜನಕವನ್ನು ಕಿತ್ತುಕೊಳ್ಳುವ ಕೆಲಸ ಜಲಜನಕದ್ದು. ಹೊರಬರುವುದು ಹೊಗೆಯಲ್ಲ, ನೀರಿನ ಆವಿ. 2021ರ ಆಗಸ್ಟಿನಲ್ಲಿ ಇಲ್ಲಿಯ ಕಬ್ಬಿಣದಿಂದ ಮಾಡಿದ ಉಕ್ಕು ವೋಲ್ವೊ ಕಂಪನಿಗೆ ಹೋಯಿತು. ಮಗ ಲೋಹಶಾಸ್ತ್ರ ಓದುತ್ತೇನೆಂದರೆ ಅದಕ್ಕೇನು ಸ್ಕೋಪ್ ಎಂದು ಕೇಳುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಮೂರು ಸಾವಿರ ವರ್ಷಕ್ಕೂ ಹಳೆಯದಾದ ಕಬ್ಬಿಣದ ವಿದ್ಯೆಯಲ್ಲಿ ಇಂಗಾಲದ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವ ಕೆಲಸ ಈಗಷ್ಟೇ ಆರಂಭವಾಗಿದೆ.

ಮತ್ತೆ ಪೆನ್ಸಿಲ್ ಹಿಡಿಯೋಣ. ಮೂರು ಆಮ್ಲಜನಕ ಪರಮಾಣುಗಳಿಗೆ ಜಲಜನಕದ ಮೂರು ಅಣುಗಳು ಬೇಕು, ತೂಕ ಆರು. 112ಕ್ಕೆ ಆರು ಎಂದರೆ ಒಂದು ಟನ್ ಕಬ್ಬಿಣಕ್ಕೆ ಸುಮಾರು 54 ಕಿಲೋ ಜಲಜನಕ. ಒಂದು ಕಿಲೋ ಜಲಜನಕವನ್ನು ನೀರಿನಿಂದ ಬೇರ್ಪಡಿಸಲು ಐವತ್ತಕ್ಕೂ ಹೆಚ್ಚು ಯೂನಿಟ್ ಬೇಕು. ಕರಗಿಸುವ ಕುಲುಮೆಯದೂ ಸೇರಿದರೆ ಒಂದು ಟನ್ ಉಕ್ಕಿಗೆ ಸುಮಾರು 3,500 ಯೂನಿಟ್. ವರ್ಷಕ್ಕೆ 50 ಲಕ್ಷ ಟನ್ ಮಾಡುವ ಒಂದು ಕಾರ್ಖಾನೆಯನ್ನು ಹೀಗೆ ಬದಲಾಯಿಸಬೇಕಾದರೆ 1,750 ಕೋಟಿ ಯೂನಿಟ್, ಅಂದರೆ ಹಗಲು ರಾತ್ರಿ ಬಿಡುವಿಲ್ಲದೆ ಸುಮಾರು 2,000 ಮೆಗಾವಾಟ್. ಅಂದು ಮುಚ್ಚಿದ ರ್ಯಾಟ್‌ಕ್ಲಿಫ್ ಕೇಂದ್ರದ ಪೂರ್ಣ ಸಾಮರ್ಥ್ಯ ಹೆಚ್ಚುಕಡಿಮೆ ಅಷ್ಟೇ! ಒಂದು ಕಾರ್ಖಾನೆಗೆ ಒಂದು ರ್ಯಾಟ್‌ಕ್ಲಿಫ್ ಬೇಕು, ಅದೂ ಕಲ್ಲಿದ್ದಲು ಸುಡದ ರ್ಯಾಟ್‌ಕ್ಲಿಫ್.

ಪ್ರಯೋಗ ಲುಲಿಯೊದಲ್ಲೇ ನಡೆದದ್ದು ಏಕೆಂದು ಈಗ ತಿಳಿಯುತ್ತದೆ. ಅಲ್ಲಿಯ ನದಿಯ ಮೇಲೆ ಶತಮಾನದಿಂದ ಜಲವಿದ್ಯುತ್ ಕೇಂದ್ರಗಳಿವೆ. 1915ರಲ್ಲಿ ಶುರುವಾದ ಪೋರ್ಯುಸ್ ಕೇಂದ್ರವನ್ನು ಕಟ್ಟಿದ್ದೇ ಅದಿರು ಸಾಗಿಸುವ ರೈಲಿಗೆ ವಿದ್ಯುತ್ ಕೊಡಲೆಂದು. ಅದಿರೂ ನದಿಯೂ ಒಂದೇ ಕಡೆ ಇರುವ ಭಾಗ್ಯ ಜರ್ಮನಿಗಿಲ್ಲ. ಬ್ರೆಮೆನ್ ಮತ್ತು ಐಸೆನ್‌ಹ್ಯೂಟನ್‌ಸ್ಟಾಟ್ ಕಾರ್ಖಾನೆಗಳನ್ನು ಬದಲಾಯಿಸಲು ಸರ್ಕಾರ 130 ಕೋಟಿ ಯೂರೋ ಸಹಾಯಧನ ಕೊಡಲು ಒಪ್ಪಿದ್ದರೂ, ಆರ್ಸೆಲರ್‌ಮಿತ್ತಲ್ ಕಂಪನಿ 2025ರ ಜೂನ್‌ನಲ್ಲಿ ಬೇಡವೆಂದು ಕೈಬಿಟ್ಟಿತು. ವಿದ್ಯುತ್ ದುಬಾರಿ, ಜಲಜನಕ ಸಾಕಷ್ಟಿಲ್ಲ, ಮಾರುಕಟ್ಟೆ ಸರಿಯಿಲ್ಲ ಎಂಬುದು ಅದರ ಕಾರಣ. ಹೊಗೆಗೆ ಬೆಲೆ ಕಟ್ಟಿದವರು ಶುದ್ಧ ವಿದ್ಯುತ್ತನ್ನು ಅಗ್ಗ ಮಾಡುವ ಕೆಲಸವನ್ನು ಅದೇ ವೇಗದಲ್ಲಿ ಮಾಡಿರಲಿಲ್ಲ.

ಪೋರ್ಟ್ ಟಾಲ್ಬಟ್ ಹಿಡಿದಿರುವ ದಾರಿ ಇನ್ನೊಂದು. ಅಲ್ಲಿಯ ಒಡೆಯರು ಟಾಟಾ. ಹಳೆಯ ಕುಲುಮೆಗಳಿಂದ ದಿನಕ್ಕೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು ನಷ್ಟವೆಂದು ಕಂಪನಿ ಹೇಳುತ್ತಿತ್ತು. ಆದ್ದರಿಂದ ಎಲ್ಲಕ್ಕೂ ಪರಿಸರ ನೀತಿಯೇ ಕಾರಣವೆಂದರೆ ತಪ್ಪಾಗುತ್ತದೆ. ಹೊಸದಾಗಿ ಅಲ್ಲಿ ಬರುತ್ತಿರುವುದು ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಚಾಪದ ಕುಲುಮೆ. ಖರ್ಚು 125 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಸರ್ಕಾರದ್ದು. ಗುಜರಿಯಲ್ಲಿ ಆಮ್ಲಜನಕವನ್ನು ಕೀಳುವ ಕೆಲಸ ಹಿಂದೆಯೇ ಮುಗಿದಿರುತ್ತದೆ, ಕರಗಿಸಿದರೆ ಸಾಕು. ಹೊಗೆ ಬಹಳ ಕಡಿಮೆ. ಆದರೆ ಹಳೆಯ ಮೋಟಾರು, ತಂತಿಗಳಿಂದ ಬಂದ ತಾಮ್ರ ಒಮ್ಮೆ ಉಕ್ಕಿನಲ್ಲಿ ಸೇರಿದರೆ ತೆಗೆಯುವುದು ಕಷ್ಟ. ಕೆಲವು ನಯವಾದ ಹಾಳೆಗಳಿಗೆ ಅದಿರಿನ ಹೊಸ ಕಬ್ಬಿಣವೇ ಬೇಕಾಗುತ್ತದೆ. ಬ್ರಿಟನ್ನಿಗೆ ಇದರ ಅರಿವು ತಡವಾಗಿ ಆಯಿತೇನೋ. ಸ್ಕನ್‌ತೋರ್ಪ್‌ನಲ್ಲಿ ಉಳಿದಿದ್ದ ಊದುಕುಲುಮೆಗಳೂ ಆರುವ ಹಂತಕ್ಕೆ ಬಂದಾಗ, 2025ರ ಏಪ್ರಿಲ್ 12ರ ಶನಿವಾರ ರಜೆಯಲ್ಲಿದ್ದ ಪಾರ್ಲಿಮೆಂಟನ್ನು ಕರೆಸಿ, ಒಂದೇ ದಿನದಲ್ಲಿ ಕಾನೂನು ಮಾಡಿ ಕುಲುಮೆಗಳನ್ನು ಉಳಿಸಿಕೊಂಡರು.

ಇನ್ನೊಂದು ದಿನಾಂಕವನ್ನೂ ನೆನಪಿಡಬೇಕು. 2024ರ ಸೆಪ್ಟೆಂಬರ್ 20. ಪೋರ್ಟ್ ಟಾಲ್ಬಟ್‌ನ ಕೊನೆಯ ಕುಲುಮೆ ಆರುವುದಕ್ಕೆ ಹತ್ತು ದಿನ ಮೊದಲು, ಅದೇ ಟಾಟಾ ಕಂಪನಿ ಒಡಿಶಾದ ಕಳಿಂಗನಗರದಲ್ಲಿ ಭಾರತದ ಅತಿ ದೊಡ್ಡ ಊದುಕುಲುಮೆಯನ್ನು ಹೊತ್ತಿಸಿತು. ಇದನ್ನು ಕಪಟವೆನ್ನಲಾಗದು. ಭಾರತದಲ್ಲಿ ತಲಾ ಉಕ್ಕಿನ ಬಳಕೆ ವರ್ಷಕ್ಕೆ ಸುಮಾರು ನೂರು ಕಿಲೋ, ಪ್ರಪಂಚದ ಸರಾಸರಿ ಇನ್ನೂರಕ್ಕೂ ಮೇಲೆ. ಸೇತುವೆಗಳು, ರೈಲು ಹಳಿಗಳು, ಮನೆಗಳು ಇನ್ನೂ ಕಟ್ಟಬೇಕಾದ ದೇಶ ಇದು. ಗುಜರಿಯೂ ಇಲ್ಲಿ ಅಷ್ಟಿಲ್ಲ, ಹಳೆಯದಾಗಿ ಗುಜರಿಗೆ ಬರಲು ಮೊದಲು ಕಟ್ಟಿರಬೇಕಲ್ಲ! ಆದರೆ ವಾತಾವರಣದ ದೃಷ್ಟಿಯಿಂದ ನೋಡಿದರೆ ಆ ಹತ್ತು ದಿನಗಳಲ್ಲಿ ಒಂದು ಹೊತ್ತಿತು, ಒಂದು ಆರಿತು.

ಸೋರಿಕೆಯನ್ನು ತಡೆಯಲು ಯುರೋಪಿನ ಒಕ್ಕೂಟ ಈಗ ಗಡಿಯಲ್ಲಿ ಕೂತಿದೆ. ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವುಗಳ ಹಿಂದೆ ಎಷ್ಟು ಹೊಗೆ ಇದೆಯೆಂದು 2023ರ ಅಕ್ಟೋಬರ್ 1ರಿಂದ ಲೆಕ್ಕ ಕೇಳತೊಡಗಿತು. 2026ರ ಜನವರಿ 1ರಿಂದ ಬಂದ ಸರಕಿಗೆ ಹಣವನ್ನೂ ಕೊಡಬೇಕು. ಇದಕ್ಕೆ ಸರಿಸಮನಾಗಿ ತನ್ನ ಕಾರ್ಖಾನೆಗಳಿಗೆ ಕೊಡುತ್ತಿದ್ದ ಉಚಿತ ಚೀಟಿಗಳನ್ನು 2034ರ ಹೊತ್ತಿಗೆ ಪೂರ್ತಿ ನಿಲ್ಲಿಸುವುದೆಂದು ಗೊತ್ತುಮಾಡಿದೆ. ಯುರೋಪಿಗೆ ಸರಕು ಕಳಿಸುವ ಕಾರ್ಖಾನೆ ಒಡಿಶಾದ್ದಾಗಲಿ, ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನದಾಗಲಿ, ತನ್ನ ಕುಲುಮೆಯ ಲೆಕ್ಕವನ್ನು ಒಪ್ಪಿಸಲೇಬೇಕು. ಭಾರತ ಸರ್ಕಾರ ಇದನ್ನು ಅನ್ಯಾಯದ ಅಡ್ಡಿಯೆಂದು ವಿರೋಧಿಸುತ್ತಲೇ ಬಂದಿದೆ. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು ಈಗ ಬಾಗಿಲಲ್ಲಿ ನಿಂತು ಸುಂಕ ಕೇಳುವುದು ಯಾರಿಗಾದರೂ ಕಸಿವಿಸಿಯೇ. ಆದರೆ ನಿಯಮದಲ್ಲಿ ಒಂದು ಸಂದು ಇದೆ. ಇಂಗಾಲದ ಬೆಲೆಯನ್ನು ತನ್ನ ದೇಶದಲ್ಲೇ ತೆತ್ತಿರುವ ಸರಕಿಗೆ ಅಷ್ಟು ಕಳೆದುಕೊಡಲಾಗುತ್ತದೆ. ಬ್ರಸೆಲ್ಸಿಗೆ ಹೋಗುವ ಹಣ ಇಲ್ಲೇ ಉಳಿದರೆ ಇಲ್ಲಿಯ ಕುಲುಮೆಗಳನ್ನು ಬದಲಾಯಿಸಲು ಬಳಸಬಹುದು. 2023ರಲ್ಲಿ ಭಾರತ ತನ್ನದೇ ಇಂಗಾಲದ ವ್ಯಾಪಾರ ಯೋಜನೆಯನ್ನು ಪ್ರಕಟಿಸಿದೆ.

ಪೋರ್ಟ್ ಟಾಲ್ಬಟ್‌ನಲ್ಲಿ ಹೊಸ ಕುಲುಮೆಯ ಕಟ್ಟಡದ ಕೆಲಸ 2025ರ ಜುಲೈನಲ್ಲಿ ಶುರುವಾಯಿತು. ಯೋಜನೆಯ ಪ್ರಕಾರ ಅದು ಉರಿಯುವುದು 2027ರ ಕೊನೆಗೆ ಅಥವಾ 2028ರ ಆರಂಭಕ್ಕೆ. ಅಲ್ಲಿಯತನಕ ಹೊರಗೆ ಕೊಂಡ ಉಕ್ಕಿನ ದಪ್ಪ ಹಲಗೆಗಳನ್ನು ತರಿಸಿ, ಊರಿನ ರೋಲಿಂಗ್ ಮಿಲ್ಲಿನಲ್ಲಿ ಕಾಯಿಸಿ, ತೆಳುವಾದ ಹಾಳೆ ಮಾಡುವ ಏರ್ಪಾಡು. ಅದನ್ನು ಕರಗಿಸಿದ ಬೆಂಕಿಯ ಹೊಗೆ ಬ್ರಿಟನ್ನಿನ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ.